ಒಂದು, ಮೂರು, ನಾಲ್ಕು, ಎರಡು

ಹಳೆಯ ಅಂಬಾಸಡರ್ ಕಾರಿನ ಬಾನೆಟ್ಟನ್ನು ಎತ್ತಿ ನೋಡಿದವರಿಗೆ ಎಂಜಿನ್ನಿನ ಪಕ್ಕದಲ್ಲಿ ಕಪ್ಪು ಮುಚ್ಚಳವೊಂದು ಕಾಣುತ್ತದೆ. ಅದು ಡಿಸ್ಟ್ರಿಬ್ಯೂಟರಿನ ಮುಚ್ಚಳ. ಅದಕ್ಕೆ ಐದು ದಪ್ಪ ತಂತಿಗಳು ಸೇರಿರುತ್ತವೆ. ನಡುವಿನದು ಕಾಯಿಲಿನಿಂದ ವಿದ್ಯುತ್ತನ್ನು ತರುತ್ತದೆ. ಸುತ್ತಲಿನ ನಾಲ್ಕು ಅದನ್ನು ಸರದಿಯ ಪ್ರಕಾರ ನಾಲ್ಕು ಪ್ಲಗ್ಗುಗಳಿಗೆ ಒಯ್ಯುತ್ತವೆ. ನೋಡುವುದಕ್ಕೆ ನಾಲ್ಕೂ ಒಂದೇ ತಾಯಿಯ ಮಕ್ಕಳು. ಒಂದೊಂದಾಗಿ ಬಿಚ್ಚಿ, ಒರೆಸಿ, ಮತ್ತೆ ಸಿಕ್ಕಿಸುವಷ್ಟು ತಾಳ್ಮೆಯಿಲ್ಲದೆ ನಾಲ್ಕನ್ನೂ ಒಟ್ಟಿಗೆ ಕಿತ್ತವನು ಅರ್ಧ ಗಂಟೆಯೊಳಗೆ ತಲೆಯ ಮೇಲೆ ಕೈ ಹೊತ್ತು ಕೂಡುವುದೇ ಹೆಚ್ಚು.

ಅಂಥ ಗೃಹಸ್ಥರೊಬ್ಬರು ಕಲಬುರಗಿಯ ಜಗತ್ ಪ್ರದೇಶದಲ್ಲಿ ಇದ್ದಾರೆಂದು ಭಾವಿಸಬಹುದು. ಕಾರು ತಂದೆ ಬಿಟ್ಟುಹೋದದ್ದು. ಮಗ ಬೆಂಗಳೂರಿನಲ್ಲಿ ಉದ್ಯೋಗಿ, ಹೊಸ ಕಾರಿನ ಒಡೆಯ. ಬೇಸಗೆಯ ರಜೆಯಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಹುಮನಾಬಾದಿನ ರಸ್ತೆಯಲ್ಲಿ ಕೆಂಪು ಬಾಳೆಗೆ ಹೆಸರಾದ ಕಮಲಾಪುರದವರೆಗೆ ಹೋಗಿಬರುವುದೆಂದು ಯಜಮಾನರು ಸಂಕಲ್ಪ ಮಾಡಿದ್ದರು. ಹಿಂದಿನ ದಿನ ಕಾರನ್ನು ಶುಚಿಗೊಳಿಸುವ ಉತ್ಸಾಹದಲ್ಲಿ ನಾಲ್ಕು ತಂತಿಗಳನ್ನೂ ಕಿತ್ತರು. ಅವರಿಗೆ ಅಂಜಿಕೆಯಿರಲಿಲ್ಲ. ಕಿಡಿ ಹಾರುವ ಅನುಕ್ರಮ 1-3-4-2 ಎಂಬುದು ತಂದೆಯಿಂದ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಅದರಂತೆಯೇ ಜೋಡಿಸಿದರು. ಕೀಲಿ ತಿರುಗಿಸಿದಾಗ ಎಂಜಿನ್ನು ಒಂದು ಬಗೆಯಲ್ಲಿ ಎಚ್ಚೆತ್ತಿತು; ಮೈಯೆಲ್ಲ ನಡುಗಿತು; ಕಾರ್ಬ್ಯುರೇಟರಿನೊಳಗೆ ಪಟಾಕಿ ಸಿಡಿದಂತೆ ಸದ್ದಾಯಿತು; ಮತ್ತೆ ತಣ್ಣಗಾಯಿತು. ಐದಾರು ಬಾರಿ ಹೀಗೆಯೇ. ಸಂಜೆ ಫೋನಿನಲ್ಲಿ ಮಗನ ಸಲಹೆ ಬಂತು: “ಅಪ್ಪಾ, ಇನ್ ಸಾಕ್ರಿ. ಗುಜರಿಗಿ ಕೊಟ್ಟು ಬಿಡ್ರಿ.” ಗುಜರಿಯವನು ಕಾರಿಗೆ ತೂಕದ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾನೆ. ತಂದೆ ವಾರಕ್ಕೊಮ್ಮೆ ತಮ್ಮ ಕೈಯಾರೆ ಒರೆಸುತ್ತಿದ್ದ ಕಾರನ್ನು ತಕ್ಕಡಿಗೆ ಹಾಕುವ ಮಾತು ಮನೆಯಾಕೆಗೆ ಹಿಡಿಸಲಿಲ್ಲ. ಯಜಮಾನರು ಮಾತ್ರ ಆ ರಾತ್ರಿ ಸುಮ್ಮನಿದ್ದರು. ಅವರ ಮನಸ್ಸು ಅರ್ಧ ಒಪ್ಪಿಬಿಟ್ಟಿತ್ತು.

ಅವರು ಬಾಯಿಪಾಠ ಮಾಡಿದ್ದ ಅನುಕ್ರಮದಲ್ಲಿ ತಪ್ಪೇನೂ ಇರಲಿಲ್ಲ. ಸಿಲಿಂಡರುಗಳನ್ನು ರೇಡಿಯೇಟರಿನ ಕಡೆಯಿಂದ ಎಣಿಸಬೇಕು. ಕ್ರ್ಯಾಂಕ್ ದಂಡದ ಬಾಗುಗಳು ಹೇಗಿವೆಯೆಂದರೆ, ಒಂದನೆಯ ಮತ್ತು ನಾಲ್ಕನೆಯ ಪಿಸ್ಟನ್ನುಗಳು ಜೊತೆಯಾಗಿ ಮೇಲೇರುತ್ತವೆ; ಆಗ ಎರಡು ಮತ್ತು ಮೂರು ಜೊತೆಯಾಗಿ ಕೆಳಗಿಳಿಯುತ್ತವೆ. ದಂಡವು ಅರ್ಧ ಸುತ್ತು ತಿರುಗಿದಾಗಲೆಲ್ಲ ಒಂದು ಕಿಡಿ ಹಾರಬೇಕು. ಆದ್ದರಿಂದ ಒಂದರ ಬೆನ್ನಿಗೇ ನಾಲ್ಕರ ಸರದಿ ಬರುವಂತಿಲ್ಲ. ಮೂರರದು ಇಲ್ಲವೆ ಎರಡರದು ಬರಬೇಕು, ಅನಂತರವೇ ನಾಲ್ಕರದು. ಲೆಕ್ಕ ಹಾಕಿ ನೋಡಿದರೆ ಇಂಥ ಎಂಜಿನ್ನಿಗೆ ಸಾಧ್ಯವಿರುವುದು ಎರಡೇ ಅನುಕ್ರಮ: 1-3-4-2 ಅಥವಾ 1-2-4-3. ಫೋರ್ಡ್ ಕಂಪನಿಯು 1908ರಲ್ಲಿ ಹೊರತಂದ ಮಾಡೆಲ್ ಟಿ ಕಾರು ಎರಡನೆಯದನ್ನು ಹಿಡಿಯಿತು, ಅಂಬಾಸಡರಿನದು ಮೊದಲನೆಯದು.

ಎಡವಟ್ಟಾದದ್ದು ದಿಕ್ಕಿನಲ್ಲಿ. ಮುಚ್ಚಳದೊಳಗೆ ರೋಟರ್ ಎಂಬ ಪುಟ್ಟ ಕೈಯೊಂದು ತಿರುಗುತ್ತ, ಪ್ರತಿ ತಂತಿಯ ಎದುರಿಗೆ ಬಂದಾಗ ಆ ತಂತಿಗೆ ವಿದ್ಯುತ್ತನ್ನು ದಾಟಿಸುತ್ತದೆ. ಗುಡಿಯಲ್ಲಿ ಬಲಕ್ಕೆ ಸುತ್ತು ಬಂದು ರೂಢಿಯಾದವನು, ಗೋಡೆಯ ಗಡಿಯಾರವನ್ನು ನೋಡುತ್ತ ಬೆಳೆದವನು, ತಂತಿಗಳನ್ನೂ ಪ್ರದಕ್ಷಿಣೆಯ ಕ್ರಮದಲ್ಲಿ ಜೋಡಿಸುವುದು ಸಹಜವೇ. ಆದರೆ ಅಂಬಾಸಡರಿನ 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿನಲ್ಲಿ ರೋಟರು ಅಪ್ರದಕ್ಷಿಣವಾಗಿ ತಿರುಗುತ್ತದೆ. ಎಂಟು ಸಿಲಿಂಡರಿನ ಷೆವರ್ಲೆ ಇಂಪಾಲಾದಲ್ಲಿ ಅದು ಪ್ರದಕ್ಷಿಣವಾಗಿಯೇ ತಿರುಗುತ್ತದೆ. ಇದಕ್ಕೆ ಶಾಸ್ತ್ರವಿಲ್ಲ, ರೋಟರನ್ನು ತಿರುಗಿಸುವ ಹಲ್ಲುಚಕ್ರವನ್ನು ಎಂಜಿನಿಯರು ಹೇಗೆ ಕೂರಿಸಿದನೋ ಹಾಗೆ.

ದಿಕ್ಕು ತಪ್ಪಿದರೆ ಆಗುವುದೇನು? ಬಲಕ್ಕೆ ಜೋಡಿಸಿದ 1-3-4-2ನ್ನು ಎಡಕ್ಕೆ ತಿರುಗುವ ರೋಟರು 1-2-4-3 ಎಂದು ಓದುತ್ತದೆ. ಒಂದಕ್ಕೂ ನಾಲ್ಕಕ್ಕೂ ಕಿಡಿ ಸರಿಯಾದ ಗಳಿಗೆಯಲ್ಲೇ ಸಿಗುತ್ತದೆ. ಎರಡು ಮತ್ತು ಮೂರು ಮಾತ್ರ ಅದಲುಬದಲಾಗುತ್ತವೆ. ಎಂಜಿನ್ನು ಪೂರಾ ಸತ್ತಿದ್ದರೆ ಹುಡುಕುವವನಿಗೆ ಬುದ್ಧಿ ಓಡುತ್ತಿತ್ತು. ಅರ್ಧ ಜೀವ ಉಳಿಸಿಕೊಂಡು ನಡುಗುವುದರಿಂದಲೇ ಅನುಮಾನವೆಲ್ಲ ಕಾರ್ಬ್ಯುರೇಟರಿನ ಮೇಲೆ, ಪೆಟ್ರೋಲಿನ ಮೇಲೆ, ಕಡೆಗೆ ಕಾರಿನ ವಯಸ್ಸಿನ ಮೇಲೆ ಹೋಗುತ್ತದೆ.

ಬೆಳಿಗ್ಗೆ ಮನೆಯಾಕೆ ಹೇಳಿ ಕಳುಹಿಸಿದ್ದರಿಂದ ವೃದ್ಧ ಮಿಸ್ತ್ರಿಯೊಬ್ಬ ಬಂದ. ಮುಚ್ಚಳ ತೆಗೆದು, ಎಂಜಿನ್ನನ್ನು ಹ್ಯಾಂಡಲಿನಿಂದ ಸ್ವಲ್ಪ ತಿರುಗಿಸಿ, ರೋಟರು ಯಾವ ಕಡೆಗೆ ಸರಿಯಿತೆಂದು ನೋಡಿದ. “ಸಾಹೇಬ್ರ, ನಂಬರ್ ಸರಿ ಅದ. ತಿರುವು ಉಲ್ಟಾ ಆಗ್ಯಾದ್ರಿ,” ಎಂದ. ಎರಡು ತಂತಿಗಳನ್ನು ಅದಲುಬದಲು ಮಾಡಿದ. ಎಂಜಿನ್ನು ಎಂದಿನ ದನಿಯಲ್ಲಿ ಮಾತನಾಡಿತು.

ಮೊದಲನೆಯ ತಂತಿಯ ಸ್ಥಾನವೇ ಮರೆತಿದ್ದರೆ ಒಗಟು ಇನ್ನಷ್ಟು ಬಿಗಿಯಾಗುತ್ತಿತ್ತು. ಎಂಜಿನ್ನಿನ ಎರಡು ಸುತ್ತಿನಲ್ಲಿ ಒಂದನೆಯ ಪಿಸ್ಟನ್ನು ಎರಡು ಬಾರಿ ನೆತ್ತಿ ಮುಟ್ಟುತ್ತದೆ: ಒಮ್ಮೆ ಉರಿದ ಹೊಗೆಯನ್ನು ಹೊರದೂಡಿ, ಇನ್ನೊಮ್ಮೆ ಪೆಟ್ರೋಲು ಬೆರೆತ ಗಾಳಿಯನ್ನು ಅಮುಕಿ. ಕಿಡಿ ಬೇಕಾದದ್ದು ಅಮುಕಿದಾಗ. ಇದನ್ನು ಅರಿಯಲು ಮಿಸ್ತ್ರಿಗಳು ಬಳಸುವ ಉಪಕರಣ ಹೆಬ್ಬೆರಳು. ಕೀಲಿ ತೆಗೆದು, ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಒಂದನೆಯ ಪ್ಲಗ್ಗನ್ನು ಬಿಚ್ಚಿ, ಆ ರಂಧ್ರಕ್ಕೆ ಬೆರಳನ್ನು ಒತ್ತಿಹಿಡಿಯುತ್ತಾರೆ. ಮತ್ತೊಬ್ಬರು ಹ್ಯಾಂಡಲನ್ನು ನಿಧಾನವಾಗಿ ತಿರುಗಿಸುತ್ತಾರೆ. ಒಳಗಿನ ಗಾಳಿ ಬೆರಳನ್ನು ಬಲವಾಗಿ ತಳ್ಳಿದರೆ ಅದು ಅಮುಕುವ ಸರದಿ. ಪಿಸ್ಟನ್ನು ನೆತ್ತಿಗೆ ಬಂದಾಗ ರೋಟರು ಯಾವ ಕಡೆ ಮುಖ ಮಾಡಿರುತ್ತದೆಯೋ ಅದೇ ಒಂದನೆಯ ತಂತಿಯ ಮನೆ. ಅಲ್ಲಿಂದ ರೋಟರು ಹೋಗುವ ದಿಕ್ಕಿನಲ್ಲಿ ಮೂರು, ನಾಲ್ಕು, ಎರಡು. ಕಾರಿನ ಪುಸ್ತಕ ಕಳೆದುಹೋಗಿದ್ದರೂ ಎಂಜಿನ್ನು ತನ್ನ ಲೆಕ್ಕವನ್ನು ತಾನೇ ಒಪ್ಪಿಸುತ್ತದೆ.

ನಿಮಿಷಕ್ಕೆ 3000 ಸುತ್ತು ತಿರುಗುವ ಇಂಥ ಎಂಜಿನ್ನಿನಲ್ಲಿ ಸೆಕೆಂಡಿಗೆ 100 ಕಿಡಿಗಳು ಹಾರಬೇಕು. ಜರ್ಮನಿಯಲ್ಲಿ ರಾಬರ್ಟ್ ಬಾಷ್ ಕಂಪನಿಯ ಎಂಜಿನಿಯರ್ ಗಾಟ್ಲೋಬ್ ಹೊನಾಲ್ಡ್ 1902ರಲ್ಲಿ ಅಧಿಕ ಒತ್ತಡದ ಮ್ಯಾಗ್ನೆಟೋವನ್ನೂ ಅದಕ್ಕೊಪ್ಪುವ ಪ್ಲಗ್ಗನ್ನೂ ಸಿದ್ಧಪಡಿಸಿದ ಮೇಲೆ ಈ ವೇಗ ಮೋಟಾರುಗಳಿಗೆ ಕೈಗೆಟಕಿತು. ಅದೇ ಮನೆತನದ ‘ಮೈಕೋ’ 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಗಿ, ಅದರ ಹೆಸರು ಹೊತ್ತ ಪ್ಲಗ್ಗುಗಳು ನಾಡಿನ ಗ್ಯಾರೇಜುಗಳಲ್ಲೆಲ್ಲ ಮನೆಮಾತಾದವು.

ಈಗಿನ ಕಾರುಗಳಲ್ಲಿ ಮುಚ್ಚಳವೂ ಇಲ್ಲ, ರೋಟರೂ ಇಲ್ಲ. ಸಾಮಾನ್ಯವಾಗಿ ಪ್ರತಿ ಪ್ಲಗ್ಗಿನ ತಲೆಯ ಮೇಲೆ ಒಂದೊಂದು ಕಾಯಿಲು ಕೂತು ಗಣಕದ ಆಜ್ಞೆಯನ್ನು ಪಾಲಿಸುತ್ತದೆ. ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಡರಿನ ತಯಾರಿಕೆಯೂ 2014ರಲ್ಲಿ ನಿಂತಿತು. ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳಿಗೆ ಕೇಂದ್ರ ಸರ್ಕಾರವು 2021ರಲ್ಲಿ ಪ್ರತ್ಯೇಕ ನೋಂದಣಿಯನ್ನು ಏರ್ಪಡಿಸಿತು. ಕಾಗದಪತ್ರಕ್ಕೆ ಅಷ್ಟು ಸಾಕು. ಆದರೆ ಬೆರಳಿಟ್ಟು ಸರದಿ ಹೇಳುವ ಮಿಸ್ತ್ರಿಯನ್ನು ಯಾವ ಕಚೇರಿಯಲ್ಲೂ ನೋಂದಾಯಿಸಿಕೊಳ್ಳಲಾಗದು, ಅವನಿಂದ ಕಲಿತುಕೊಳ್ಳಬೇಕಷ್ಟೆ.

ಕಮಲಾಪುರದ ಪ್ರಯಾಣ ಒಂದು ದಿನ ತಡವಾಯಿತು. ಹೊರಡುವ ಮೊದಲು ಮನೆಯಾಕೆ ಹೊಲಿಗೆಯ ಪೆಟ್ಟಿಗೆಯಿಂದ ನಾಲ್ಕು ಬಣ್ಣದ ದಾರಗಳನ್ನು ತಂದು ನಾಲ್ಕು ತಂತಿಗಳಿಗೆ ಕಟ್ಟಿದರು. ಒಂದನೆಯದಕ್ಕೆ ಕೆಂಪು.