ಈ ಪೊರೆಗೆ ಸ್ಪೇರ್ ಪಾರ್ಟ್ ಸಿಗಲ್ಲ

ಡಯಾಲಿಸಿಸ್ ಅಂದ್ರೆ ನಮಗೆಲ್ಲ ನೆನಪಾಗೋದು ಹಾಸಿಗೆ ಪಕ್ಕದ ದೊಡ್ಡ ಮೆಷಿನ್. ಆದರೆ ಆ ಮೆಷಿನ್ ಇಲ್ಲದೆಯೂ ಡಯಾಲಿಸಿಸ್ ಆಗುತ್ತೆ. ಹೊಟ್ಟೆಯ ಒಳಗೋಡೆಗೂ ಕರುಳಿಗೂ ಹೊದಿಕೆಯಂತಿರುವ ಪೆರಿಟೋನಿಯಂ ಎಂಬ ತೆಳು ಪೊರೆಯೇ ಅಲ್ಲಿ ಫಿಲ್ಟರ್. ಹೊಟ್ಟೆಗೆ ಕೂರಿಸಿದ ಕ್ಯಾತಿಟರ್ ಮೂಲಕ ಸುಮಾರು 2 ಲೀಟರ್ ದ್ರವ ತುಂಬಿ, ಕೆಲವು ಗಂಟೆ ಬಿಟ್ಟು, ಹೊರಗೆ ಹರಿಸಬೇಕು. ದಿನಕ್ಕೆ ಸಾಮಾನ್ಯವಾಗಿ 4 ಸಲ, ಮನೆಯಲ್ಲೇ. ವಾರಕ್ಕೆ ಮೂರು ದಿನ ಬಸ್ ಹತ್ತಿ ಆಸ್ಪತ್ರೆಗೆ ಅಲೆಯುವ ಹಳ್ಳಿಯ ರೋಗಿಗೆ ಇದು ಎಂಥ ಅನುಕೂಲ ಅಂತ ಬಿಡಿಸಿ ಹೇಳಬೇಕಿಲ್ಲ. ಅಂದಹಾಗೆ, 1976ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಈ ವಿಧಾನವನ್ನು ಮುಂದಿಟ್ಟ ಇಬ್ಬರಲ್ಲಿ ಜಾಕ್ ಮಾಂಕ್ರೀಫ್ ಡಾಕ್ಟರ್, ರಾಬರ್ಟ್ ಪೊಪೊವಿಚ್ ಎಂಜಿನಿಯರ್.

ನಮ್ಮ ತಕರಾರು ಇರೋದು ಆ ದ್ರವದ ಬಗ್ಗೆ. ದೇಹದಿಂದ ನೀರು ಎಳೆಯೋಕೆ ಆಸ್ಮಾಸಿಸ್ ಬೇಕು, ಅದಕ್ಕೆ ಗ್ಲೂಕೋಸ್. ಚೀಲದ ಮೇಲೆ ಶೇ. 1.5, 2.5, 4.25 ಅಂತ ಬರೆದಿರುತ್ತೆ. ಆರೋಗ್ಯವಂತರ ರಕ್ತದಲ್ಲಿರೋದು ಶೇ. 0.1ರ ಆಸುಪಾಸು! ಇನ್ನು ದ್ರವವನ್ನು ಸ್ಟೆರಿಲೈಸ್ ಮಾಡೋದು 121 ಡಿಗ್ರಿ ಬಿಸಿಯಲ್ಲಿ. ಪಾಕ ಒಲೆ ಮೇಲೆ ಜಾಸ್ತಿ ಹೊತ್ತು ಇಟ್ರೆ ಕಂದು ತಿರುಗುತ್ತಲ್ಲ, ಹೆಚ್ಚುಕಡಿಮೆ ಅದೇ ಕಥೆ: ಗ್ಲೂಕೋಸ್ ಒಡೆದು ಮಿಥೈಲ್‌ಗ್ಲೈಆಕ್ಸಾಲ್‌ನಂಥ ವಿಷಗಳು ಹುಟ್ಟುತ್ತವೆ. ಇದನ್ನು ತಗ್ಗಿಸೋಕೆ ದ್ರವದ ಪಿಎಚ್ ಅನ್ನು 5.5ರ ಹತ್ತಿರ, ಅಂದ್ರೆ ಆಮ್ಲೀಯವಾಗಿ ಇಡುತ್ತಾರೆ. ಪೊರೆಗೆ ಅದೂ ಹಿತವಲ್ಲ.

ಇದೆಲ್ಲ ವರ್ಷಗಟ್ಟಲೆ ನಡೆದಾಗ ಏನಾಗುತ್ತೆ? 2002ರಲ್ಲಿ ಪ್ರಕಟವಾದ ಬಯಾಪ್ಸಿ ಅಧ್ಯಯನವೊಂದರಲ್ಲಿ, ಪೊರೆಯ ಮೇಲ್ಪದರದ ಕೆಳಗಿನ ಕೊಲಾಜನ್ ಪದರ ಆರೋಗ್ಯವಂತರಲ್ಲಿ 50 ಮೈಕ್ರಾನ್ ಇತ್ತು. ಕಿಡ್ನಿ ಕೆಟ್ಟವರಲ್ಲಿ ಡಯಾಲಿಸಿಸ್‌ಗೆ ಮೊದಲೇ 140. ಈ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದವರಲ್ಲಿ 270. ಪೊರೆಯಲ್ಲಿ ಹೊಸ ರಕ್ತನಾಳಗಳೂ ಬೆಳೆಯುತ್ತವೆ. ನಾಳ ಹೆಚ್ಚಿದಷ್ಟೂ ಗ್ಲೂಕೋಸ್ ಬೇಗ ರಕ್ತಕ್ಕೆ ಇಳಿದುಹೋಗುತ್ತೆ, ಗ್ರೇಡಿಯೆಂಟ್ ಸಾಯುತ್ತೆ, ನೀರು ಬರಲ್ಲ. ಆಗ ಇನ್ನೂ ಗಾಢವಾದ ಚೀಲ. ಅದರಿಂದ ಪೊರೆಗೆ ಇನ್ನಷ್ಟು ಪೆಟ್ಟು. ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಲ್ಲಿ ನಿದ್ದೆ ಮಾಡದವರಿಗೆ ಗೊತ್ತು, ಇದು ಪಾಸಿಟಿವ್ ಫೀಡ್‌ಬ್ಯಾಕ್.

ಇದಕ್ಕೆ ಒಂದು ಉಪಾಯ ಬಂದಿದ್ದು ಹೊಸ ಔಷಧದಿಂದಲ್ಲ, ಪ್ಯಾಕಿಂಗ್‌ನಿಂದ. ಚೀಲದಲ್ಲಿ ಎರಡು ಖಾನೆ: ಒಂದರಲ್ಲಿ ತುಂಬಾ ಆಮ್ಲೀಯ ಗ್ಲೂಕೋಸ್ ದ್ರಾವಣ, ಇನ್ನೊಂದರಲ್ಲಿ ಬಫರ್. ಬೇರೆಬೇರೆಯಾಗಿಯೇ ಬಿಸಿಮಾಡಿ, ಬಳಸುವ ಮುಂಚೆ ನಡುವಿನ ಸೀಲ್ ಒಡೆದು ಬೆರೆಸಿದರೆ ಆಯ್ತು. ವಿಷ ಕಡಿಮೆ, ಪಿಎಚ್ 7ರ ಹತ್ತಿರ. ಎಷ್ಟು ಸರಳ ನೋಡಿ!

ಆದರೂ ಬೆಲೆಯ ಮಾತು ಬಂದಾಗ 'ಎರಡು ಚೀಲವೂ ಅಷ್ಟೇ ನೀರು ಎಳೆಯುತ್ತವಲ್ಲ' ಅನ್ನೋ ವಾದವನ್ನು ನಾವು ಒಪ್ಪಲ್ಲ. ಮೊದಲ ದಿನದ ಬ್ಯಾಕಪ್ ನೋಡಿ ಬ್ಯಾಟರಿ ಕೊಳ್ಳುವವರು ನಮ್ಮಲ್ಲಿ ಯಾರಿದ್ದಾರೆ? ಸೈಕಲ್ ಲೈಫ್ ಕೇಳ್ತೀವಿ ತಾನೆ? ಇಲ್ಲಂತೂ ಬ್ಯಾಟರಿ ಬದಲಿಸೋ ಹಾಗೂ ಇಲ್ಲ.

ಹೊಸ ಚೀಲ ಪವಾಡ ಅಂತಲೂ ನಾವು ಹೇಳ್ತಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಸಿಂಗಪುರದ 185 ರೋಗಿಗಳ ಮೇಲೆ ನಡೆದ ಬ್ಯಾಲೆನ್ಜ್ ಟ್ರಯಲ್ 2012ರಲ್ಲಿ ಪ್ರಕಟವಾಯ್ತು. ಅದರ ಮುಖ್ಯ ಪ್ರಶ್ನೆ ಅಳಿದುಳಿದ ಕಿಡ್ನಿ ಶಕ್ತಿ ಕುಸಿಯುವ ವೇಗದ್ದು. ಅದರಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಆದರೆ ಹೊಸ ದ್ರವ ಬಳಸಿದವರಲ್ಲಿ ಮೂತ್ರ ನಿಂತುಹೋಗೋದು ತಡವಾಯ್ತು, ಪೆರಿಟೋನೈಟಿಸ್ ಕಡಿಮೆಯಾಯ್ತು. ಪದೇಪದೇ ಬರೋ ಆ ಸೋಂಕೂ ಪೊರೆಯನ್ನು ಹಾಳುಮಾಡುತ್ತೆ, ಹಾಗಾಗಿ ಇದು ಸಣ್ಣ ಲಾಭವಲ್ಲ. ಇಷ್ಟಾದರೂ ಗ್ಲೂಕೋಸಿನ ಪ್ರಮಾಣ ಹಾಗೇ ಉಳಿಯುತ್ತೆ. ಅದರ ಬದಲು ಪಿಷ್ಟದಿಂದ ತಯಾರಿಸುವ ಐಕೊಡೆಕ್ಸ್‌ಟ್ರಿನ್ ಇದೆ, ಸಾಮಾನ್ಯವಾಗಿ ದಿನಕ್ಕೆ ಒಂದೇ ಸಲ. (ಅದನ್ನು ಬಳಸುವವರ ಸಕ್ಕರೆಯನ್ನು ಕೆಲವು ಗ್ಲೂಕೋಮೀಟರ್‌ಗಳು ತಪ್ಪಾಗಿ ಹೆಚ್ಚು ತೋರಿಸುತ್ತವೆ. ಸೆನ್ಸರ್ ಪ್ರಾಜೆಕ್ಟ್ ಮಾಡುವವರು ಗಮನಿಸಿ!)

2016ರಲ್ಲಿ ಶುರುವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮಕ್ಕೆ ಈ ವಿಧಾನವನ್ನೂ ಸೇರಿಸಲು 2019ರಲ್ಲಿ ಕೇಂದ್ರ ಮಾರ್ಗಸೂಚಿ ತಂದಿತು. ಚೀಲ ಕೊಳ್ಳುವ ಟೆಂಡರ್‌ಗಳಲ್ಲಿ ಲೀಟರಿನ ದರದ ಜೊತೆಗೆ ಪಿಎಚ್ ಮತ್ತು ಆ ವಿಷಗಳ ಮಿತಿಯೂ ಇರಬೇಕು ಅನ್ನೋದು ನಮ್ಮ ಒತ್ತಾಯ. ಅಗ್ಗದ ಎರಡು ಖಾನೆ ಚೀಲಕ್ಕೆ ಬೇಕಿರೋದು ಪಾಲಿಮರ್, ಸೀಲಿಂಗ್, ಮಾಸ್ ಟ್ರಾನ್ಸ್‌ಫರ್. ಮೂರೂ ನಮ್ಮ ಸಿಲಬಸ್‌ನಲ್ಲಿವೆ. ಫೈನಲ್ ಇಯರ್‌ನವರೇ, ಮುಖ ನೋಡಿ ಅಟೆಂಡೆನ್ಸ್ ಹಾಕೋ ಪ್ರಾಜೆಕ್ಟ್ ಈ ವರ್ಷವೂ ಸಾಕಷ್ಟು ಟೀಮ್ ಮಾಡ್ತಿವೆ. ಟೈಟಲ್ ಕೊಡೋಕೆ ಇನ್ನೂ ಟೈಮಿದೆ.