ಹಳಿಯ ಸದ್ದಿಗೆ ವಯಸ್ಸಿನ ಹೆಸರು



'ಸಾರು ಹಾಕಲಾ?' ಎಂದು ಸೊಸೆ ಕೇಳಿದರೆ ಮಾವನವರಿಗೆ 'ಕಾರು' ಎಂದು ಕೇಳಿಸುತ್ತದೆ. ನ್ಯೂಜೆರ್ಸಿಯ ಕನ್ನಡ ಮನೆಗಳಲ್ಲೂ ಇದಕ್ಕೆ ಸಿಗುವ ವಿವರಣೆ ಒಂದೇ: 'ವಯಸ್ಸಾಯ್ತಲ್ಲ.' ಮೂವತ್ತು ವರ್ಷ ಮ್ಯಾನ್‌ಹಟನ್ನಿನ ಸಬ್‌ವೇಯಲ್ಲಿ ಓಡಾಡಿದ ಕಿವಿ ಅದು ಎಂಬುದು ಯಾರಿಗೂ ನೆನಪಾಗುವುದಿಲ್ಲ.

ವಯಸ್ಸು ಒಂದು ಕಾರಣ, ನಿಜ. ಗುಗ್ಗೆ, ಕಿವಿ ಸೋರುವುದು, ಕೆಲವು ಔಷಧಗಳೂ ಕಿವಿ ಮಂದವಾಗಿಸುತ್ತವೆ. ಸದ್ದಿನ ಪೆಟ್ಟು ಮಾತ್ರ ಸದ್ದಿಲ್ಲದೆ ಬೀಳುತ್ತದೆ. ಒಳಗಿವಿಯಲ್ಲಿ ಸುಮಾರು 15,000 ಕೂದಲ ಜೀವಕೋಶಗಳಿವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಕೀರಲು ಸ್ವರ ಹಿಡಿಯುವವು. 'ಸ', 'ಶ'ಗಳು ಅಳಿಸಿಹೋಗಿ 'ಆ', 'ಊ' ಉಳಿಯುತ್ತವೆ. 'ಕೇಳಿಸುತ್ತೆ, ಆದ್ರೆ ಏನಂದ್ರಿ ಅಂತ ಗೊತ್ತಾಗಲ್ಲ' ಎಂದು ಹಿರಿಯರು ಹೇಳುವುದು ಇದನ್ನೇ.

ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಳತೆಯಂತೆ ನ್ಯೂಯಾರ್ಕ್ ಸಬ್‌ವೇ ಪ್ಲಾಟ್‌ಫಾರ್ಮಿನ ಸದ್ದು 106 ಡೆಸಿಬೆಲ್, ಬೋಗಿಯೊಳಗಿನದು 112 ಡೆಸಿಬೆಲ್ ಮುಟ್ಟಿತ್ತು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ದಿನಕ್ಕೆ ಎಂಟು ಗಂಟೆಗೆ ಒಪ್ಪುವುದು 85. ಮೇಲೇರುವ ಪ್ರತಿ 3 ಡೆಸಿಬೆಲ್‌ಗೆ ಆ ಅವಧಿ ಅರ್ಧವಾಗುತ್ತದೆ. 106ಕ್ಕೆ ನಾಲ್ಕು ನಿಮಿಷವೂ ಸಿಗದು. ಯೂನಿಯನ್ ಸ್ಕ್ವೇರ್ ನಿಲ್ದಾಣದ ತಿರುವಿನಲ್ಲಿ ರೈಲು ಕಿರುಚುವಾಗ ಮಗುವಿನ ಕಿವಿ ಮುಚ್ಚುವ ತಾಯಂದಿರಿಗೆ ಇದನ್ನು ಯಾರೂ ಲೆಕ್ಕ ಹಾಕಿ ಹೇಳಬೇಕಿಲ್ಲ.

'ಊರು ಅಂದಮೇಲೆ ಸದ್ದು ಇದ್ದದ್ದೇ' ಎನ್ನುವವರು ಮ್ಯಾನ್‌ಹಟನ್ನಿನ ಇನ್‌ವುಡ್‌ನ ಪಿ.ಎಸ್. 98 ಶಾಲೆಯ ಕತೆ ಕೇಳಬೇಕು. ಎತ್ತರದ ಹಳಿ ಪಕ್ಕದಲ್ಲೇ. ರೈಲು ಬಂದಾಗಲೆಲ್ಲ ಪಾಠ ನಿಲ್ಲುತ್ತಿತ್ತು. ಮನಶ್ಶಾಸ್ತ್ರಜ್ಞೆ ಆರ್ಲೀನ್ ಬ್ರಾನ್ಜಾಫ್ಟ್ 1975ರಲ್ಲಿ ಸಹಸಂಶೋಧಕರೊಡನೆ ಪ್ರಕಟಿಸಿದ ಅಧ್ಯಯನ, ಹಳಿಯ ಕಡೆಯ ಕೊಠಡಿಗಳ ಮಕ್ಕಳು ಓದಿನಲ್ಲಿ ಹಿಂದುಳಿದದ್ದನ್ನು ತೋರಿಸಿತು. ಅದು ಕಿವುಡಿನ ಅಧ್ಯಯನವಲ್ಲ. ಆದರೆ ಅದಾದ ಮೇಲೆ ನಡೆದದ್ದು ಮುಖ್ಯ: ಹಳಿಯಡಿ ರಬ್ಬರ್ ಪಟ್ಟಿ ಬಂತು, ತರಗತಿಯ ಸೂರಿಗೆ ಸದ್ದು ಹೀರುವ ಹಲಗೆ ಬಂತು. 1981ರಲ್ಲಿ ಮತ್ತೆ ನೋಡಿದಾಗ ಎರಡೂ ಕಡೆಯ ಮಕ್ಕಳು ಸಮವಾಗಿ ಓದುತ್ತಿದ್ದರು.

ಒಂದು ಶಾಲೆಗಾಗಿ ಸಾಧ್ಯವಾದದ್ದು ನಿತ್ಯ ಲಕ್ಷಾಂತರ ಜನ ನಿಲ್ಲುವ ಪ್ಲಾಟ್‌ಫಾರ್ಮುಗಳಿಗೂ ಆಗಬೇಕು. ನ್ಯೂಯಾರ್ಕಿನ ಸಾರಿಗೆ ಪ್ರಾಧಿಕಾರ ಪ್ರತಿ ನಿಲ್ದಾಣದ ಸದ್ದನ್ನು ವರ್ಷಕ್ಕೊಮ್ಮೆ ಅಳೆದು, ಆ ಅಂಕಿಯನ್ನು ನಿಲ್ದಾಣದಲ್ಲೇ ಬರೆದು ಹಾಕಲಿ. ಕಿರುಚುವ ತಿರುವುಗಳ ಹಳಿಯನ್ನು ಮೊದಲು ಉಜ್ಜಿ ಎಣ್ಣೆ ಹಾಕಲಿ. ಪ್ರಾಧಿಕಾರದ ಮಂಡಳಿ ಸಭೆಯಲ್ಲಿ ಸಾರ್ವಜನಿಕರಿಗೂ ಮಾತನಾಡಲು ಅವಕಾಶವಿದೆ. ಇಲ್ಲಿನ ಕನ್ನಡ ಸಂಘಗಳು ತಮ್ಮ ಹಿರಿಯರೊಬ್ಬರನ್ನು ಅಲ್ಲಿಗೆ ಕರೆದೊಯ್ದು, ಕಿವಿ ಕಳೆದುಕೊಂಡ ಬಗೆಯನ್ನು ಅವರ ಬಾಯಿಂದಲೇ ಹೇಳಿಸಲಿ.

– ಓರ್ವ ಓದುಗ, ನ್ಯೂಜೆರ್ಸಿ