ಎರಡು ಆಂಪಿಯರ್ ಫ್ಯೂಸು ಯಾರ ಹೊಣೆ?

ಬೆಂಗಳೂರಿನ ಜೆ.ಸಿ. ರಸ್ತೆಯ ವಾಹನ ಬಿಡಿಭಾಗಗಳ ಅಂಗಡಿಗಳಲ್ಲಿ ಕನ್ನಡಿ, ಹಾರ್ನ್‌ಗಳ ಪಕ್ಕದಲ್ಲಿಯೇ ಈಗ ಹ್ಯಾಂಡಲಿಗೆ ಮೊಬೈಲ್ ಸಿಕ್ಕಿಸುವ ಕೊಂಡಿಯೂ ಯುಎಸ್‌ಬಿ ಚಾರ್ಜರೂ ತೂಗುತ್ತಿರುತ್ತವೆ. ಕೊಳ್ಳುವವರಲ್ಲಿ ಅನೇಕರು ಊಟ, ದಿನಸಿ, ಔಷಧಿಗಳನ್ನು ನಮ್ಮ ಮನೆಬಾಗಿಲಿಗೆ ತಂದು ಕೊಡುವ ಯುವಕರು. ಹತ್ತು ಹನ್ನೆರಡು ಗಂಟೆಗಳ ಕಾಲ ಜಿಪಿಎಸ್ ಚಾಲೂ ಇಟ್ಟುಕೊಂಡು, ಪರದೆಯನ್ನು ಬೆಳಗಿಸಿಕೊಂಡೇ ದುಡಿಯಬೇಕಾದ ಇವರಿಗೆ ಮೊಬೈಲ್ ನಂದಿಹೋದರೆ ಆ ಕ್ಷಣಕ್ಕೆ ಉದ್ಯೋಗವೂ ನಂದಿದಂತೆ. ಆದ್ದರಿಂದ ಬೈಕಿನ ಬ್ಯಾಟರಿಯಿಂದಲೇ ವಿದ್ಯುತ್ತನ್ನು ಎಳೆದುಕೊಳ್ಳುವುದು ಅನಿವಾರ್ಯವಾಗಿದೆ. ಆ ಎಳೆತ ಹೇಗೆ ನಡೆಯುತ್ತಿದೆ, ಅದರ ಅಪಾಯವನ್ನು ಯಾರು ಹೊರುತ್ತಿದ್ದಾರೆ ಎಂಬುದು ಕೇವಲ ಮೆಕ್ಯಾನಿಕ್ಕಿನ ವಿಷಯವಲ್ಲವೆಂಬುದು ನನ್ನ ಅಭಿಪ್ರಾಯ.

ಮೊದಲು ಲೆಕ್ಕವನ್ನು ನೋಡೋಣ. ನಮ್ಮ ರಸ್ತೆಗಳಲ್ಲಿ ಸಾಮಾನ್ಯವಾಗಿರುವ 100 ಸಿಸಿಯ ಬೈಕುಗಳ ಬ್ಯಾಟರಿ 12 ವೋಲ್ಟಿನದು. ಅನೇಕ ಮಾದರಿಗಳಲ್ಲಿ ಅದರ ಸಾಮರ್ಥ್ಯ 3 ಆಂಪಿಯರ್-ಗಂಟೆ ಮಾತ್ರ. ಮೊಬೈಲಿಗೆ 5 ವೋಲ್ಟಿನಲ್ಲಿ 2 ಆಂಪಿಯರ್ ಕೊಡುವ ಚಾರ್ಜರು ಬ್ಯಾಟರಿಯಿಂದ ಸುಮಾರು 1 ಆಂಪಿಯರ್ ಸೆಳೆಯುತ್ತದೆ. ಎಂಜಿನ್ ನಿಲ್ಲಿಸಿ ಹೋಟೆಲಿನ ಮುಂದೆ ಆರ್ಡರಿಗಾಗಿ ಕಾಯುತ್ತಿರುವಾಗ ಇದು ಹರಿಯುತ್ತಲೇ ಇದ್ದರೆ ಮೂರು ಗಂಟೆಯೊಳಗೆ ಬ್ಯಾಟರಿ ಬರಿದು. ಸೆಲ್ಫ್ ಸ್ಟಾರ್ಟ್ ಅದಕ್ಕೂ ಬಹಳ ಮೊದಲೇ ಕೈಕೊಡುತ್ತದೆ. ಎಂಜಿನ್ ಓಡುತ್ತಿದ್ದರೂ ಪೂರ್ಣ ನಿಶ್ಚಿಂತೆಯಿಲ್ಲ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟು ಹಗಲೂ ಉರಿಯುತ್ತಿರಬೇಕೆಂಬ ನಿಯಮವಿದೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಮಾನದಂಡ ಬಂದ ಬಳಿಕ ಕಾರ್ಬ್ಯುರೇಟರಿನ ಸ್ಥಾನವನ್ನು ಬಹುತೇಕ ಬೈಕುಗಳಲ್ಲಿ ಫ್ಯೂಯೆಲ್ ಇಂಜೆಕ್ಷನ್ ಆಕ್ರಮಿಸಿದೆ. ಪೆಟ್ರೋಲ್ ಪಂಪು, ನಿಯಂತ್ರಣ ಘಟಕ ಎರಡೂ ವಿದ್ಯುತ್ತನ್ನೇ ನಂಬಿವೆ. ಸಿಗ್ನಲಿನಲ್ಲಿ ಎಂಜಿನ್ ನಿಧಾನವಾಗಿ ತಿರುಗುವಾಗ ಉತ್ಪಾದನೆಯೂ ಕಡಿಮೆ. ಸಿಲ್ಕ್ ಬೋರ್ಡ್‌ನಂತಹ ಕಡೆ ಬೈಕು ಎಷ್ಟು ಹೊತ್ತು ಹಾಗೆ ನಿಂತಿರುತ್ತದೆಂಬುದನ್ನು ಓದುಗರಿಗೆ ವಿವರಿಸಬೇಕಾಗಿಲ್ಲ.

ಇದನ್ನು ಸರಿಯಾಗಿ ಮಾಡುವ ಕ್ರಮ ಎಲ್ಲ ಎಲೆಕ್ಟ್ರಿಷಿಯನ್ನರಿಗೂ ಗೊತ್ತು. ಬ್ಯಾಟರಿಯ ಧನ ತುದಿಯ ಸಮೀಪದಲ್ಲಿಯೇ ಒಂದು ಫ್ಯೂಸು, ಕೀಲಿ ತಿರುಗಿಸಿದಾಗ ಮಾತ್ರ ಸಂಪರ್ಕ ಕೊಡುವ ಒಂದು ರಿಲೇ, ಮಳೆನೀರು ಹೋಗದ ಜೋಡಣೆ, ಅಷ್ಟೆ. ಫ್ಯೂಸು ಮತ್ತು ಅದರ ಹೋಲ್ಡರಿಗೆ ನೂರು ರೂಪಾಯಿಯೂ ಆಗದು. ಆದರೂ ಅವಸರದ ಕೆಲಸದಲ್ಲಿ ಮೊದಲು ಕೈಬಿಡುವುದು ಅದನ್ನೇ. ನಾನು ಮಾತನಾಡಿಸಿದ ಕೆಲವು ಹುಡುಗರ ಬೈಕುಗಳಲ್ಲಿ ವೈರನ್ನು ಬ್ಯಾಟರಿಗೆ ನೇರವಾಗಿ ಸುತ್ತಿ ಕಪ್ಪು ಟೇಪು ಅಂಟಿಸಲಾಗಿತ್ತು. ಹ್ಯಾಂಡಲು ತಿರುಗುವ ಕಡೆ ಇಂತಹ ವೈರು ದಿನಕ್ಕೆ ನೂರಾರು ಬಾರಿ ಉಜ್ಜಿ ಅದರ ಹೊದಿಕೆ ಸವೆಯುತ್ತದೆ. ಬೆತ್ತಲಾದ ತಂತಿ ಚಾಸಿಗೆ ತಗುಲಿದರೆ ಕ್ಷಣಮಾತ್ರದಲ್ಲಿ ಕಾದು ಕೆಂಪಾಗುತ್ತದೆ. ಅದರ ಮೇಲೆಯೇ ಪೆಟ್ರೋಲ್ ಟ್ಯಾಂಕು. ಇನ್ನು, ವಿದ್ಯುತ್ ವ್ಯವಸ್ಥೆಯಲ್ಲಿ ಹೊರಗಿನವರು ಕೈಯಾಡಿಸಿದ್ದರೆ ಅದರಿಂದಾದ ಹಾನಿಗೆ ತಯಾರಕರ ವಾರಂಟಿ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನ್ನನ್ನು ಕಾಡುವ ಪ್ರಶ್ನೆ ಇಲ್ಲಿಂದ ಆರಂಭವಾಗುತ್ತದೆ. ಕಾರ್ಖಾನೆಯಲ್ಲಿ ಯಂತ್ರ ಮಾಲೀಕನದು, ವಿದ್ಯುತ್ ಬಿಲ್ಲೂ ಅವನದೇ. ಇಲ್ಲಿ ವಾಹನ, ಮೊಬೈಲ್, ಇಂಧನ, ವಿದ್ಯುತ್ತು ಎಲ್ಲವೂ ದುಡಿಯುವವನದು. ಕಂಪನಿಯದು ಆ್ಯಪ್ ಒಂದೇ. ಬಂಡವಾಳ ಹೂಡುವವನು ಕಾರ್ಮಿಕ, ಅದರ ಮೇಲೆ ನಿಗಾ ಇಡುವವನು ಮತ್ತೊಬ್ಬ. ಬೈಕಿನ ಎಂಜಿನ್ನಿನ ಕಂಪನಕ್ಕೆ ಸತತವಾಗಿ ಒಡ್ಡಿದರೆ ಐಫೋನಿನ ಕ್ಯಾಮೆರಾ ಹಾಳಾಗಬಹುದೆಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು. ಹದಿನೈದು ಸಾವಿರದ ಫೋನನ್ನು ಕಂತಿನಲ್ಲಿ ಕೊಂಡವನ ಲೆಕ್ಕದಲ್ಲಿ ಇಂತಹ ಸವಕಳಿಗೆ ಒಂದು ಕಲಮೂ ಇಲ್ಲ. ನೀತಿ ಆಯೋಗದ 2022ರ ವರದಿಯ ಪ್ರಕಾರ 2020-21ರಲ್ಲಿ ದೇಶದ ಗಿಗ್ ಕಾರ್ಮಿಕರ ಸಂಖ್ಯೆ 77 ಲಕ್ಷ. 2029-30ಕ್ಕೆ ಅದು 2.35 ಕೋಟಿ ತಲಪಬಹುದೆಂಬುದು ಅದರ ಅಂದಾಜು. ಅವರೆಲ್ಲರೂ ಬೈಕ್ ಸವಾರರಲ್ಲ, ನಿಜ. ಆದರೆ ಸಣ್ಣ ಸಂಗತಿಯೆಂದು ತಳ್ಳಿಹಾಕುವಷ್ಟು ಚಿಕ್ಕ ಸಮೂಹವೂ ಇದಲ್ಲ.

ಸರ್ಕಾರಕ್ಕೆ ಇಂತಹ ವಿಷಯದಲ್ಲಿ ಅನುಭವವಿಲ್ಲವೆನ್ನುವಂತಿಲ್ಲ. ಬಸ್ಸು, ಟ್ಯಾಕ್ಸಿಗಳಲ್ಲಿ ಅಳವಡಿಸುವ ಸ್ಥಾನಸೂಚಕ ಸಾಧನಕ್ಕೆ ಎಐಎಸ್-140 ಎಂಬ ವಿವರವಾದ ಮಾನದಂಡವನ್ನೇ ರೂಪಿಸಲಾಗಿದೆ. ಕೇಂದ್ರ ಮೋಟಾರು ವಾಹನ ನಿಯಮಗಳು ಆ ಕಡ್ಡಾಯದಿಂದ ದ್ವಿಚಕ್ರ ವಾಹನಗಳಿಗೆ ವಿನಾಯಿತಿ ನೀಡಿವೆ. ಆಟೋರಿಕ್ಷಾದ ಮೀಟರಿಗೆ ಕಾನೂನು ಮಾಪನಶಾಸ್ತ್ರ ಇಲಾಖೆ ಮುದ್ರೆ ಒತ್ತುತ್ತದೆ. ಇಂದು ಮೀಟರೂ ಮೇಸ್ತ್ರಿಯೂ ಆಗಿರುವ ಮೊಬೈಲಿನ ವೈರನ್ನು ಮಾತ್ರ ಕೇಳುವವರಿಲ್ಲ.

ಹಾಗೆಂದು ಬೈಕುಗಳಿಗೂ ಎಐಎಸ್-140 ಬರಲೆಂದು ನಾನು ವಾದಿಸುವುದಿಲ್ಲ. ಕಡ್ಡಾಯವೆಂಬ ಪದ ಆದೇಶದಲ್ಲಿ ಮೂಡಿದ ಕೂಡಲೇ ಮಾನ್ಯತೆ ಪಡೆದ ಮಾರಾಟಗಾರರು, ಪ್ರಮಾಣಪತ್ರ, ಅದಕ್ಕೊಂದು ಕೌಂಟರು ಹುಟ್ಟಿಕೊಳ್ಳುವುದನ್ನು ಸರ್ಕಾರಿ ಸೇವೆಯಲ್ಲಿದ್ದಾಗ ಸಾಕಷ್ಟು ಕಂಡಿದ್ದೇನೆ. ಬೇಕಾಗಿರುವುದು ಅದಕ್ಕಿಂತ ಸರಳ. ಹೊಸ ಬೈಕುಗಳಲ್ಲಿ ಫ್ಯೂಸು ಸಹಿತವಾದ, ಕೀಲಿಗೆ ಅಧೀನವಾದ ಒಂದು ವಿದ್ಯುತ್ ತುದಿಯನ್ನು ತಯಾರಕರೇ ಬಿಟ್ಟಿರಬೇಕು. ಅದರ ಆಕಾರ ಎಲ್ಲ ಕಂಪನಿಗಳಲ್ಲೂ ಒಂದೇ ಆಗಿರಬೇಕು. ಅದನ್ನು ಬಳಸಿದ್ದಕ್ಕೆ ವಾರಂಟಿ ತಪ್ಪಬಾರದು. ದುಬಾರಿ ಮಾದರಿಗಳಲ್ಲಿ ಯುಎಸ್‌ಬಿ ಕಿಂಡಿ ಈಗಾಗಲೇ ಬಂದಿರುವುದರಿಂದ ತಾಂತ್ರಿಕ ತೊಡಕೇನೂ ಇದ್ದಂತಿಲ್ಲ. ಬಳಸದವರ ಮೇಲೂ ಇದರ ವೆಚ್ಚ ಬೀಳುತ್ತದಲ್ಲ ಎಂಬ ಆಕ್ಷೇಪ ಬರಬಹುದು. 2019ರಲ್ಲಿ 125 ಸಿಸಿವರೆಗಿನ ವಾಹನಗಳಿಗೆ ಸಂಯುಕ್ತ ಬ್ರೇಕ್ ವ್ಯವಸ್ಥೆ ಕಡ್ಡಾಯವಾದಾಗ ಬಿದ್ದ ಹೊರೆಯ ಮುಂದೆ ಇದು ಲೆಕ್ಕಕ್ಕೇ ಬಾರದು.

ಈಗಾಗಲೇ ರಸ್ತೆಯಲ್ಲಿರುವ ಬೈಕುಗಳ ಪ್ರಶ್ನೆ ಬೇರೆ. ಕರ್ನಾಟಕವು 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾಯ್ದೆಯು ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ವಸೂಲು ಮಾಡಲು ಅವಕಾಶ ಕಲ್ಪಿಸಿದೆ. ಅಪಘಾತವಾದ ಮೇಲೆ ಪರಿಹಾರ ನೀಡುವುದು ಅಗತ್ಯವೇ. ಆದರೆ ಆ ನಿಧಿಯ ಅತ್ಯಲ್ಪ ಭಾಗದಲ್ಲಿ ಬಡಾವಣೆಗೊಂದು ತಪಾಸಣಾ ಶಿಬಿರ ನಡೆಸಿ, ಸವೆದ ವೈರು ತೆಗೆದು ಫ್ಯೂಸು ಹಾಕಿಕೊಡಬಹುದು. ಐಟಿಐಗಳ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ತರಬೇತಿಯೂ ಆದೀತು. ಮೊಬೈಲ್ ಇಲ್ಲದೆ ಒಂದು ಆರ್ಡರನ್ನೂ ಪೂರೈಸಲಾಗದ ಕಂಪನಿಗಳು ಚಾರ್ಜರನ್ನು ಚೀಲ, ಟೀ ಶರ್ಟುಗಳ ಸಾಲಿಗೆ ಸೇರಿಸಿ, ಅವುಗಳಿಗೂ ಹುಡುಗರಿಂದ ಹಣ ಹಿಡಿಯುವ ಪರಿಪಾಠವನ್ನು ಬಿಟ್ಟು, ತಾವೇ ಒದಗಿಸಬೇಕು.

ಅಲ್ಲಿಯವರೆಗೆ ಬೈಕಿಗೆ ಚಾರ್ಜರು ಹಾಕಿಸುವವರು ಮೆಕ್ಯಾನಿಕ್ಕಿನ ಪಕ್ಕದಲ್ಲಿ ನಿಂತು ಮೂರನ್ನು ಕೇಳಿ ಪಡೆಯಲಿ: ಬ್ಯಾಟರಿಯ ಬಳಿ 2 ಆಂಪಿಯರ್ ಫ್ಯೂಸು, ಕೀಲಿ ತೆಗೆದಾಗ ಚಾರ್ಜರಿನ ದೀಪ ಆರುವ ಜೋಡಣೆ, ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿದರೂ ಬಿಗಿಯಾಗದಷ್ಟು ಸಡಿಲವಾದ ವೈರು.